ಹಗ್ಗದ ಮೇಲಿನ ಶಾಲು

"ಒಂದು ಮಾತು ಕೇಳ್ತೀನಿ, ತಪ್ಪು ತಿಳ್ಕೋಬೇಡಿ," ಎಂದರು ಇನ್‌ಸ್ಪೆಕ್ಟರು. "ಈ ನೀಲಿ ಟೇಪಿನಲ್ಲೇ ಇತ್ತಾ, ಇಲ್ಲ ನೀವು ಹಚ್ಚಿದ್ದಾ?"

ಚುಕ್ಕಿ ಚಿತ್ರಗಳ, ಹಳೆಯ ವಿಡಿಯೋ ಟೇಪುಗಳ ಬಣ್ಣ ತಿದ್ದುವವಳು. ಬಣ್ಣ ತಿದ್ದುವ ಹಲಗೆಯ ಮೇಲೆ ನಿಂಬೆಹಣ್ಣಿನ ಗಾತ್ರದ ಗುಂಡುಗಳಿದ್ದವು. ನಡುವಿನ ಗುಂಡಿನ ಮೇಲೆ ಅವಳ ಬೆರಳು. ಕೂದಲೆಳೆಯಷ್ಟು ಉರುಳಿಸಿದರೆ ಸಾಕು, ಎದುರಿನ ನೀಲಿ ಬೂದಿಯಾಗುತ್ತಿತ್ತು. ಬೆಳಿಗ್ಗೆ ಒಬ್ಬಳೇ ಇದ್ದಾಗ ಹಾಗೆ ಉರುಳಿಸಿ ನೋಡಿಯೂ ಇದ್ದಳು. ನೋಡಿ, ತನ್ನ ಕೈಗೆ ತಾನೇ ಹೆದರಿ, ಮತ್ತೆ ಹಿಂದಕ್ಕೆ ತಂದಿದ್ದಳು.

ಮೇಜಿನ ಮೇಲೆ ಎರಡು ಪರದೆಗಳಿದ್ದವು. ಎಡಕ್ಕೆ ಲ್ಯಾಪ್‌ಟಾಪು. ಬಲಕ್ಕೆ ಅದರಿಂದ ಬೇರೆಯಾಗಿ ಜೋಡಿಸಿದ, ದಪ್ಪ ಅಂಚಿನ ಭಾರವಾದ ಮಾನಿಟರು. ಎರಡರಲ್ಲೂ ಒಂದೇ ದೃಶ್ಯ ನಿಂತಿತ್ತು: ಬಟ್ಟೆಗೆ ಬಣ್ಣ ಹಾಕುವ ಅಂಗಳ, ಮರದ ಉಯ್ಯಾಲೆ, ಅದರಲ್ಲಿ ಪುಟ್ಟ ಹುಡುಗಿ, ಉಯ್ಯಾಲೆ ತೂಗುತ್ತಿರುವ ಗಂಡಸು, ಹಿಂದೆ ಹಗ್ಗದ ಮೇಲೆ ಒಣಹಾಕಿದ ಬಟ್ಟೆಗಳು. ಎಡಗಡೆಯ ಪರದೆಯಲ್ಲಿ ಆ ಬಟ್ಟೆಗಳಿಗೆಲ್ಲ ಪಾತ್ರೆ ತೊಳೆದ ನೀರಿನ ಬಣ್ಣ. ಬಲಗಡೆಯದರಲ್ಲಿ ಮಾತ್ರ, ಹಗ್ಗದ ಕೊನೆಯಲ್ಲಿ, ಒಂದು ಶಾಲು ನೀಲಿಯಾಗಿ ತೂಗುತ್ತಿತ್ತು.

"ಲ್ಯಾಪ್‌ಟಾಪಿನ ಪರದೆ ನಂಬೋ ಹಾಗಿಲ್ಲ ಸಾರ್," ಎಂದಳು ಚುಕ್ಕಿ. "ಸ್ವಲ್ಪ ಬಗ್ಗಿ ನೋಡಿದ್ರೆ ಒಂದು ಬಣ್ಣ, ಎದ್ದು ನೋಡಿದ್ರೆ ಇನ್ನೊಂದು. ಕೋಣೆಯ ಬೆಳಕು ಬದಲಾದ್ರೆ ಅದೂ ತಾನಾಗೇ ಬದಲಾಗತ್ತೆ. ಈ ಮಾನಿಟರ್ ಹಾಗಲ್ಲ. ಟೇಪಿನಿಂದ ಬಂದದ್ದನ್ನ ಬಂದ ಹಾಗೆ ತೋರಿಸತ್ತೆ. ವಾರಕ್ಕೊಂದು ಸಲ ಗಾಜಿಗೆ ಅಳತೆ ಮಾಡೋ ಸಾಧನ ಅಂಟಿಸಿ ಸರಿ ಮಾಡ್ತೀನಿ."

"ಅದು ಸರಿ. ಆದ್ರೆ ತಿದ್ದೋದು ನೀವು ತಾನೆ?"

ಅಲ್ಲೇ ಇದ್ದದ್ದು ತೊಡಕು. ತಿದ್ದುವವಳು ಅವಳೇ.

ಇನ್‌ಸ್ಪೆಕ್ಟರು ಕೂತಿರಲಿಲ್ಲ. ಅವರು ಎಲ್ಲಿಯೂ ಕೂರುವವರಲ್ಲ. ಠಾಣೆಯವರು ಬೆನ್ನ ಹಿಂದೆ 'ನಿಂತಪ್ಪ' ಎಂದು ಕರೆಯುತ್ತಾರಂತೆ. ಆ ಕಿರಿದಾದ ಬೂದು ಗೋಡೆಯ ಕೋಣೆಯಲ್ಲಿ ಬಾಗಿಲಿನಿಂದ ಪರದೆಗೆ, ಪರದೆಯಿಂದ ಬಾಗಿಲಿಗೆ ಓಡಾಡುತ್ತಿದ್ದರು. ಅವರ ಬೂಟಿನ ಸದ್ದು ಚುಕ್ಕಿಯ ತಲೆಯೊಳಗೇ ಹೆಜ್ಜೆ ಹಾಕಿದಂತಿತ್ತು.

ಚಿತ್ರದಲ್ಲಿದ್ದ ಅಂಗಳ ಚುಕ್ಕಿಯ ಚಿಕ್ಕಪ್ಪನದು; ಈಚೆಗೆ ಅದನ್ನು ಅಗೆಯುವಾಗ, ಮುಚ್ಚಿಹಾಕಿದ ಬಣ್ಣದ ತೊಟ್ಟಿಯೊಳಗೆ ಹೆಂಗಸಿನ ಮೂಳೆಗಳು ಸಿಕ್ಕಿದಾಗಿನಿಂದ ಈ ಮನೆತನದಲ್ಲಿ ಯಾರಿಗೂ ನಿದ್ದೆಯಿಲ್ಲ. ಇಪ್ಪತ್ತು ವರ್ಷಗಳ ಹಿಂದೆ ಮನೆ ಬಿಟ್ಟು ಹೋದಳೆಂಬ ಚಿಕ್ಕಮ್ಮನ ಮೂಳೆಗಳೇ ಅವು ಎಂದು ಊರೆಲ್ಲ ಗುಸುಗುಸು. ಪ್ರಯೋಗಾಲಯದ ವರದಿ ಇನ್ನೂ ಬಂದಿರಲಿಲ್ಲ. ಆ ಗುಸುಗುಸುವಿಗೆ ಅಡ್ಡ ನಿಂತಿದ್ದದ್ದು ಒಬ್ಬಳೇ ಒಬ್ಬ ಸಾಕ್ಷಿಯ ಮಾತು.

"ನಾನೇ ಕೈಯಾರೆ ಬಸ್ಸು ಹತ್ತಿಸಿದೆ. ಅವಳ ಗಂಡ ಬಣ್ಣ ಹಾಕಿಕೊಟ್ಟ ನೀಲಿ ಶಾಲು ಹೊದ್ಕೊಂಡಿದ್ದಳು. ಬಸ್ಸು ತಿರುಗೋವರೆಗೂ ಆ ಶಾಲು ಕಾಣ್ತಿತ್ತು."

ಹಾಗೆಂದು ಹೇಳಿಕೆ ಕೊಟ್ಟವಳು ಚಿಕ್ಕಮ್ಮನ ಒಡಹುಟ್ಟಿದ ಅಕ್ಕ. ಅಂದರೆ, ಚುಕ್ಕಿಯ ಅಮ್ಮ.

ಚುಕ್ಕಿ ಗುಂಡಿನ ಮೇಲಿಂದ ಬೆರಳು ತೆಗೆದಳು.

"ಹಳೇ ಟೇಪು ಅಂದ್ರೆ ಬಣ್ಣ ಕದಲಿರತ್ತೆ. ಕೆಂಪು ಒಂದು ಕಡೆ ಸರಿದಿರತ್ತೆ, ನೀಲಿ ಸತ್ತಿರತ್ತೆ. ಚಿತ್ರದಲ್ಲಿ ಖಂಡಿತ ಬಿಳಿ ಅನ್ನೋ ವಸ್ತು ಒಂದು ಬೇಕು. ಅದನ್ನ ಬಿಳಿ ಮಾಡಿದ್ರೆ ಉಳಿದ ಬಣ್ಣಗಳು ತಮ್ಮ ತಮ್ಮ ಜಾಗಕ್ಕೆ ತಾವೇ ಬರ್ತವೆ. ನಾನು ಶಾಲನ್ನ ಮುಟ್ಟಿಲ್ಲ ಸಾರ್. ಬಿಳಿಯನ್ನ ಮಾತ್ರ ಸರಿ ಮಾಡಿದೀನಿ."

"ಯಾವ ಬಿಳಿ?"

"ಮಗು ಹಾಕ್ಕೊಂಡಿರೋ ಅಂಗಿ."

ಇನ್‌ಸ್ಪೆಕ್ಟರು ಪರದೆಯತ್ತ ಬಗ್ಗಿದರು. "ನಮ್ಮನೇಲಿ ಬಿಳಿ ಅಂಗಿ ಒಗೆದ್ರೆ ಕೊನೇಲಿ ನೀಲಿ ಹಾಕಿದ ನೀರಲ್ಲಿ ಅದ್ದುತ್ತಾರೆ. ಅಂಥ ಅಂಗಿ ಬಿಳಿ ಹೌದಾ ಮೇಡಂ? ನಾಳೆ ಕೋರ್ಟಿನಲ್ಲಿ ನಿಮ್ಮ ಚಿಕ್ಕಪ್ಪನ ವಕೀಲ ಇದನ್ನೇ ಕೇಳ್ತಾನೆ. ನಿಮ್ಮ ಶಾಲಿನ ನೀಲಿ ಗಾಳಿಗೆ ಹಾರಿಹೋಗತ್ತೆ."

ಮಾತು ನೇರವಾಗಿ ಬಂದು ಎದೆಗೆ ನಾಟಿತು. ಆದರೆ ಅದರ ಬೆನ್ನಿಗೇ, ನಾಚಿಕೆಯಾಗುವಷ್ಟು ಹಗುರಾಯಿತು. ಹಾರಿಹೋಗಲಿ. ಹಾರಿಹೋದರೆ, ಈ ಟೇಪು ಚಿಕ್ಕಮ್ಮ ಹೋದ ಮೇಲಿನದೆಂದು ತಿಳಿದುಬಂದರೂ, ಅಮ್ಮ ಸುಳ್ಳು ಹೇಳಿದಳೆಂದು ಯಾರೂ ಅನ್ನುವ ಹಾಗಿಲ್ಲ.

ಅಷ್ಟರಲ್ಲಿ ಬಾಗಿಲು ತಟ್ಟಿದ ಸದ್ದಾಯಿತು. ಒಳಗೆ ಬಂದವಳು ಮರಿ, ಚಿಕ್ಕಮ್ಮನ ಒಬ್ಬಳೇ ಮಗಳು. ಈಗ ದಂತವೈದ್ಯೆ. ಊರಿನವರ ಹಲ್ಲು ಕೀಳುವ ವಯಸ್ಸಾದರೂ ಮನೆಯವರಿಗೆ ಇನ್ನೂ ಮರಿಯೇ. ಅಟ್ಟದ ಮೇಲೆ ಸಿಕ್ಕಿದ ಟೇಪುಗಳನ್ನು ಚೀಲದಲ್ಲಿ ತುಂಬಿಕೊಂಡು ಬಂದು, "ಅಕ್ಕಾ, ಅಮ್ಮನ ಮುಖ ಸರಿಯಾಗಿ ಒಂದ್ಸಲ ನೋಡ್ಬೇಕು" ಎಂದು ಕೊಟ್ಟವಳು ಅವಳೇ.

"ಬಾಗಿಲಲ್ಲೇ ನಿಲ್ಲು," ಎಂದಳು ಚುಕ್ಕಿ.

"ಯಾಕೆ?"

"ಹಳದಿ ಹಾಕ್ಕೊಂಡು ಬಂದಿದೀಯ. ಗಾಜಿನ ಮೇಲೆ ಹೊಳೆಯತ್ತೆ. ಅಲ್ಲಿ ತಗುಲಿಸಿರೋ ಬೂದು ಕೋಟು ಹಾಕ್ಕೋ."

"ಇಲ್ಲಿಗೆ ಬರೋಕೆ ಸಾವಿನ ಮನೆ ಬಟ್ಟೇನೇ ಬೇಕಾ!" ಎಂದು ಮರಿ ಗೊಣಗುತ್ತ ಕೋಟು ಏರಿಸಿಕೊಂಡಳು. ಹೇಳಿದ ಮೇಲೆ ತನ್ನ ಮಾತು ತನಗೇ ಚುಚ್ಚಿತೇನೋ, ತುಟಿ ಕಚ್ಚಿದಳು. ಆಮೇಲೆ ಪರದೆಯಲ್ಲಿ ತನ್ನನ್ನು ತಾನೇ ನೋಡಿ ಹತ್ತಿರ ಬಂದಳು.

"ಇದು ನಾನಾ? ಅಯ್ಯೋ, ಕೆನ್ನೆ ನೋಡು!"

"ಮರಿ, ನಿನ್ನ ಅಂಗಿಗೆ ಮನೇಲಿ ನೀಲಿ ಹಾಕ್ತಿದ್ರಾ?"

"ನನಗೇನು ಗೊತ್ತು? ಆಗ ನಂಗೆ ಮೂಗು ಒರೆಸ್ಕೊಳ್ಳೋಕೂ ಬರ್ತಿರಲಿಲ್ಲ."

ಚುಕ್ಕಿ ಅಂಗಿಯ ಭಾಗವನ್ನು ದೊಡ್ಡದು ಮಾಡಿದಳು. ಬಿಸಿಲಿಗೆ ಅಂಗಿ ಪೂರ್ತಿ ಬೆಳ್ಳಗೆ ಹೊತ್ತಿಕೊಂಡಿತ್ತು. ಮಡಿಕೆಯಿಲ್ಲ, ಗುಂಡಿಯಿಲ್ಲ. ಸುಮ್ಮನೆ ಒಂದು ಬೆಳಕಿನ ಮುದ್ದೆ. ಹೊಳಪಿನ ಗುಂಡನ್ನು ಮೆಲ್ಲಗೆ ಕೆಳಗಿಳಿಸಿದಳು. ಲ್ಯಾಪ್‌ಟಾಪಿನಲ್ಲಿ ಆ ಮುದ್ದೆ ಮಂಕಾಯಿತು, ಅಷ್ಟೇ. ಆದರೆ ಮಾನಿಟರಿನಲ್ಲಿ ಬಿಳಿಯೊಳಗಿಂದ ಮೊದಲು ಕಾಲರು ಮೂಡಿತು. ಆಮೇಲೆ ಗುಂಡಿಗಳ ಸಾಲು. ಎಡಗೈ ತೋಳು. ಬಲಗೈ...

ಬಲಗೈಗೆ ತೋಳಿರಲಿಲ್ಲ. ಅಂಗಿಯ ತೋಳನ್ನು ಭುಜದವರೆಗೆ ಮಡಚಿದ್ದರು. ಅದರ ಕೆಳಗೆ, ಮೊಣಕೈಯಿಂದ ಬೆರಳ ಬುಡದವರೆಗೆ, ಅಂಗಿಗಿಂತ ಬೇರೆಯಾದ, ದಪ್ಪನೆಯ, ಒರಟಾದ ಒಂದು ಬಿಳಿ.

"ಪಟ್ಟಿ," ಎಂದಳು ಮರಿ. "ನನ್ನ ಕೈ ಮುರಿದಿದ್ದಾಗ ಹಾಕಿದ ಪ್ಲಾಸ್ಟರು."

ಇನ್‌ಸ್ಪೆಕ್ಟರ ಓಡಾಟ ಒಮ್ಮೆಲೇ ನಿಂತಿತು.

"ಯಾವಾಗ ಮುರಿದಿದ್ದು?"

"ಎಲ್ಲರಿಗೂ ಗೊತ್ತಲ್ಲ ಸಾರ್. ಅಮ್ಮ ಹೋದ ದಿನ. ಗೇಟಿನವರೆಗೂ ಅವಳ ಹಿಂದೆ ಓಡಿದೆ, ಬಿದ್ದೆ. ಅವಳು ತಿರುಗಿ ನೋಡಲಿಲ್ಲ." ಮರಿಯ ದನಿಯಲ್ಲಿ ಹಳೆಯ ಸಿಟ್ಟಿತ್ತು, ಇಪ್ಪತ್ತು ವರ್ಷ ಜೋಪಾನ ಮಾಡಿದ ಸಿಟ್ಟು. "ನನಗೆ ಅದು ನೆನಪಿದೆ ಅಂತ ಅಂದ್ಕೊಂಡಿದ್ದೆ. ಈಗ ಯೋಚಿಸಿದ್ರೆ, ದೊಡ್ಡಮ್ಮ ಹೇಳಿಹೇಳಿ ನೆನಪಾದ ಹಾಗಿದೆ."

"ನಿಮ್ಮ ತಂದೆಯ ಹೇಳಿಕೆಯಲ್ಲೂ ಅದೇ ಇದೆ," ಎಂದರು ಇನ್‌ಸ್ಪೆಕ್ಟರು. "ಹೆಂಡತಿ ಹೋದ್ಲು, ಮಗು ಬಿತ್ತು, ಮಗೂನ ಎತ್ಕೊಂಡು ಮೂಳೆ ವೈದ್ಯರ ಹತ್ರ ಓಡಿದೆ, ಅದಕ್ಕೇ ಅವಳ ಬೆನ್ನು ಹತ್ತೋಕಾಗಲಿಲ್ಲ ಅಂತ."

ಚುಕ್ಕಿ ಆಗಲೇ ಪ್ಲಾಸ್ಟರಿನ ಮೇಲೆ ಗುರುತಿಟ್ಟಿದ್ದಳು. ಪ್ಲಾಸ್ಟರಿಗೆ ಯಾರೂ ನೀಲಿ ಹಾಕುವುದಿಲ್ಲ. ಪಕ್ಕದ ನಕ್ಷೆಯಲ್ಲಿ ಕೆಂಪು, ಹಸಿರು, ನೀಲಿ ಗೆರೆಗಳು ಒಂದರ ಮೇಲೊಂದು ಬಂದು ಕೂರುವವರೆಗೆ, ಅಂದರೆ ಪ್ಲಾಸ್ಟರು ಅಚ್ಚ ಬಿಳಿಯಾಗುವವರೆಗೆ, ಗುಂಡು ಉರುಳಿಸಿದಳು. ಶಾಲಿನತ್ತ ಬೇಕೆಂದೇ ನೋಡಲಿಲ್ಲ. ಗೆರೆಗಳು ಕೂಡಿದವು. ಆಗ ಕಣ್ಣೆತ್ತಿದಳು.

ಶಾಲು ನೀಲಿಯಾಗಿಯೇ ಇತ್ತು. ಮೊದಲಿಗಿಂತ ಆಳವಾದ ನೀಲಿ. ಮಡಿಕೆಗಳ ನೆರಳಿನಲ್ಲಿ ನೇರಳೆಯ ಒಂದು ಸುಳಿವು.



"ಅಕ್ಕಾ," ಎಂದಳು ಮರಿ, ತೀರ ಮೆಲ್ಲಗೆ. "ಅಮ್ಮ ಆ ಶಾಲು ಹೊದ್ಕೊಂಡು ಬಸ್ಸು ಹತ್ತಿದ್ಲು ಅಂತಲ್ವಾ ದೊಡ್ಡಮ್ಮ ಹೇಳಿದ್ದು? ಹಾಗಾದ್ರೆ ನನ್ನ ಕೈಗೆ ಪ್ಲಾಸ್ಟರ್ ಬಿದ್ದ ಮೇಲೂ ಅದು ನಮ್ಮನೆ ಹಗ್ಗದ ಮೇಲೆ ಹೇಗಿದೆ?"



"ನಿಧಾನ," ಎಂದರು ಇನ್‌ಸ್ಪೆಕ್ಟರು. "ನೀಲಿ ಶಾಲು ಲೋಕದಲ್ಲಿ ಒಂದೇ ಇರಲ್ಲ. ಇದು ಅದೇ ಶಾಲು ಅಂತ ಹೇಳಬಲ್ಲವರು ಒಬ್ಬರೇ. ಅದಕ್ಕೆ ಬಣ್ಣ ಹಾಕಿದವರು. ಆದ್ರೆ ಅವರು ಹೇಳ್ತಾರಾ? ಇಷ್ಟು ದಿನ ಠಾಣೇಲಿ ಕೂರಿಸಿ ಕೇಳಿದೀನಿ. ಆ ಹೇಳಿಕೆ ಬಿಟ್ಟು ಬೇರೆ ಮಾತಿಗೆ ಬಾಯಿಗೆ ಬೀಗ ಹಾಕ್ಕೊಂಡು ಕೂತಿದ್ರು. ನೇರವಾಗಿ ಕೇಳಿದ್ರೆ ನಕ್ಕುಬಿಡ್ತಾರೆ."

"ನೇರವಾಗಿ ಕೇಳೋದು ಬೇಡ," ಎಂದಳು ಚುಕ್ಕಿ.

ಹೇಳಿದ ಮೇಲೆ ಅವಳಿಗೇ ಆಶ್ಚರ್ಯವಾಯಿತು. ಮಾತು ಬಾಯಿಂದ ತಾನಾಗಿ ಜಾರಿತ್ತು.

"ಮತ್ತೆ?"

"ಬಣ್ಣ ಸ್ವಲ್ಪ ಕೆಡಿಸಿ ತೋರಿಸ್ತೀನಿ."

* * *

ಚಿಕ್ಕಪ್ಪ ಮಧ್ಯಾಹ್ನ ಬಂದರು. ತೆಳ್ಳನೆಯ ಆಳು, ಇಸ್ತ್ರಿ ಮಾಡಿದ ಅಂಗಿ, ಹಿಂದಕ್ಕೆ ಬಾಚಿದ ನರೆಗೂದಲು. ಕೆಲಸ ಬಿಟ್ಟು ವರ್ಷಗಳಾದರೂ ಉಗುರಿನ ಬುಡದಲ್ಲಿ ಕಪ್ಪು ನೀಲಿ ಹಾಗೆಯೇ ಕೂತಿತ್ತು.

ಆ ಉಗುರುಗಳನ್ನು ನೋಡಿ ಚುಕ್ಕಿಗೆ ಕಣ್ಣು ತಪ್ಪಿಸಬೇಕೆನಿಸಿತು. ಬಣ್ಣ ನೋಡುವುದನ್ನು ಅವಳಿಗೆ ಕಲಿಸಿದವರೇ ಅವರು. ರಜೆಯಲ್ಲಿ ಅಂಗಳದ ಕಟ್ಟೆಯ ಮೇಲೆ ಕೂರಿಸಿಕೊಂಡು, ಒದ್ದೆ ಬಟ್ಟೆಯ ತುಂಡುಗಳನ್ನು ಬಿಸಿಲಿಗೆ ಹಿಡಿದು, "ಇದರಲ್ಲಿ ಏನು ಜಾಸ್ತಿಯಾಗಿದೆ ಹೇಳು ನೋಡೋಣ" ಎನ್ನುತ್ತಿದ್ದರು. ಸರಿಯಾಗಿ ಹೇಳಿದರೆ ಹೆಗಲ ಮೇಲೆ ಕೂರಿಸಿಕೊಂಡು ಅಂಗಳವೆಲ್ಲ ಸುತ್ತುತ್ತಿದ್ದರು. ಇವತ್ತು ಅದೇ ಕಲಿಕೆಯಿಂದ ಅವರಿಗೆ ಬಲೆ ಹೆಣೆದು ಕೂತಿದ್ದಳು.

"ಏನು ಚುಕ್ಕಿ, ಗುಹೇಲಿ ಕೂತಿದೀಯ," ಎಂದರು. "ಒಂದು ಕಿಟಕೀನಾದ್ರೂ ತೆಗಿಯಬಾರದೇ?"

"ಬೆಳಕು ಬಿದ್ರೆ ಬಣ್ಣ ಗೊತ್ತಾಗಲ್ಲ ಚಿಕ್ಕಪ್ಪ."

"ನಮ್ಮ ಕಾಲದಲ್ಲಿ ಬೆಳಕಿಲ್ದಿದ್ರೆ ಬಣ್ಣ ಗೊತ್ತಾಗ್ತಿರಲಿಲ್ಲ." ನಕ್ಕರು. ಮೂಲೆಯಲ್ಲಿ ಕೂತಿದ್ದ ಮಗಳತ್ತ ನೋಡಿದರು. ಮರಿ ನಗಲಿಲ್ಲ.

ಇನ್‌ಸ್ಪೆಕ್ಟರು ಮೊದಲು ಲ್ಯಾಪ್‌ಟಾಪಿನತ್ತ ಕೈ ತೋರಿಸಿದರು. "ಈ ಬಟ್ಟೆಗಳಲ್ಲಿ ಯಾವುದಾದ್ರೂ ಗುರುತು ಸಿಗತ್ತಾ?"

ಚಿಕ್ಕಪ್ಪ ಕನ್ನಡಕ ಸರಿಮಾಡಿಕೊಂಡು ನೋಡಿದ ಶಾಸ್ತ್ರ ಮಾಡಿದರು. "ದಿನಕ್ಕೆ ರಾಶಿ ರಾಶಿ ಬಟ್ಟೆ ಒಣಗ್ತಿದ್ದ ಜಾಗ ಸಾರ್ ಅದು. ಯಾರದೋ ಏನೋ. ಎಲ್ಲಾ ಮಣ್ಣಿನ ಬಣ್ಣ ಕಾಣ್ತಿದೆ."

"ಇದರಲ್ಲಿ ನೋಡಿ ಚಿಕ್ಕಪ್ಪ," ಎಂದು ಚುಕ್ಕಿ ಮಾನಿಟರನ್ನು ಅವರತ್ತ ತಿರುಗಿಸಿದಳು.

ಪರದೆಯ ಮೇಲಿನ ಶಾಲಿಗೆ ಬೇಕೆಂದೇ ಕೆಂಪು ಬೆರೆಸಿದ್ದಳು. ನೋಡಿದವರಿಗೆ ಚೆನ್ನಾಗಿಯೇ ಕಾಣುವಂಥ ನೇರಳೆ. ಈ ಕೋಣೆಯಲ್ಲಿ ಒಂದು ಚಿತ್ರಕ್ಕೂ ತಿಳಿದೂ ತಿಳಿದೂ ಸುಳ್ಳು ಬಣ್ಣ ಹಾಕಿದವಳಲ್ಲ ಅವಳು. ಈಗ ಹಾಕಿದ್ದಳು, ಅದೂ ಪೊಲೀಸರ ಎದುರಿಗೆ.

ಚಿಕ್ಕಪ್ಪ ಬಗ್ಗಿದರು.

ಮೊದಲು ಅವರ ಮುಖದಲ್ಲಿ ಏನೂ ಇರಲಿಲ್ಲ. ಆಮೇಲೆ ಹುಬ್ಬು ಗಂಟಿಕ್ಕಿತು. ಊಟದಲ್ಲಿ ಕಲ್ಲು ಸಿಕ್ಕವರ ಮುಖ. ಒಂದು ಹೆಜ್ಜೆ ಮುಂದೆ ಬಂದರು. ತಲೆಯನ್ನು ಎಡಕ್ಕೆ ವಾಲಿಸಿದರು, ಬಲಕ್ಕೆ ವಾಲಿಸಿದರು. ಕೋಣೆಯಲ್ಲಿ ಪೊಲೀಸರಿದ್ದಾರೆ, ಮಗಳಿದ್ದಾಳೆ ಎಂಬುದನ್ನೆಲ್ಲ ಅವರು ಮರೆತದ್ದು ಚುಕ್ಕಿಗೆ ಕಾಣುತ್ತಿತ್ತು.

"ಕೆಂಪು ಜಾಸ್ತಿ ಮಾಡಿದೀಯಲ್ಲೇ," ಎಂದರು.

"ಹೌದಾ? ನನಗೆ ಸರಿ ಅನ್ನಿಸ್ತು."

"ಏನು ಸರಿ! ನೇರಳೆಹಣ್ಣು ಬಳಿದ ಹಾಗಿದೆ. ಕಡಿಮೆ ಮಾಡು."

ಚುಕ್ಕಿ ಗುಂಡು ಉರುಳಿಸಿದಳು.

"ಇನ್ನೂ."

ಉರುಳಿಸಿದಳು. ಪ್ಲಾಸ್ಟರಿನಿಂದ ಸಿಕ್ಕ ಬಣ್ಣಕ್ಕೆ ಬಂದು ನಿಂತಳು.

"ಹ್ಞಾ. ಇಲ್ಲಿ ನಿಲ್ಲಿಸು." ಅವರ ಬೆರಳು ಗಾಜನ್ನು ಮುಟ್ಟುವಂತಿತ್ತು. "ಅದು ನೇರಳೆ ಅಲ್ಲ. ನೀಲಿ. ನೀಲೀಲಿ ಅದ್ದಿ, ಚೆನ್ನಾಗಿ ಒಣಗಿಸಿ, ಆಮೇಲೆ ತಿಳಿ ಗುಲಾಬಿ ನೀರಲ್ಲಿ ಒಂದೇ ಒಂದು ಮುಳುಗು. ಎತ್ತೋದು ಒಂದು ಗಳಿಗೆ ತಡವಾದ್ರೂ ಕೆಟ್ಟಿತು. ಅದಕ್ಕೇ ಮಡಿಕೇಲಿ ಮಾತ್ರ ಗುಲಾಬಿ ಇಣುಕತ್ತೆ. ಮತ್ತೆ ಎಷ್ಟು ಸಲ ಮಾಡೋಕೆ ನೋಡಿದೆ, ಕೈಗೆ ಹತ್ತಲೇ ಇಲ್ಲ. ಇಂಥದ್ದು ಇದೊಂದೇ..."

ಮಾತು ಅಲ್ಲೇ ತುಂಡಾಯಿತು.

ಅವರು ನಿಧಾನವಾಗಿ ನೆಟ್ಟಗಾದರು. ಚುಕ್ಕಿಯನ್ನು ನೋಡಿದರು. ಬಯ್ಯುತ್ತಾರೆಂದುಕೊಂಡಳು. ಬಯ್ಯಲಿಲ್ಲ. ಅವರ ಕಣ್ಣಿನಲ್ಲಿ ಒಂದು ಕ್ಷಣ, ಕಟ್ಟೆಯ ಮೇಲೆ ಸರಿಯುತ್ತರ ಹೇಳಿದ ಹುಡುಗಿಯನ್ನು ನೋಡುವಾಗಿನ ಹೊಳಪೇ ಬಂದು ಆರಿತು. ಬೈಗುಳಕ್ಕಿಂತ ಅದೇ ಅವಳಿಗೆ ಹೆಚ್ಚು ಸುಟ್ಟಿತು.

"ಇದೊಂದೇ ಶಾಲು," ಎಂದು ಇನ್‌ಸ್ಪೆಕ್ಟರು ಅವರ ಮಾತನ್ನು ಮುಗಿಸಿಕೊಟ್ಟರು. "ನಿಮ್ಮ ಹೆಂಡತಿ ಹೊದ್ಕೊಂಡು ಹೋದ ಶಾಲು."

"ಇರಬಹುದು. ಯಾವಾಗ್ಲೋ ತೆಗೆದ ಟೇಪು."

"ಮಗೂನ ಕೈ ನೋಡಿ."

ಚಿಕ್ಕಪ್ಪ ನೋಡಿದರು.

"ನಿಮ್ಮ ಹೇಳಿಕೆಯನ್ನೇ ನಾನು ಒಪ್ಕೋತೀನಿ," ಎಂದರು ಇನ್‌ಸ್ಪೆಕ್ಟರು. "ಹೆಂಡತಿ ಹೋದ ಮೇಲೆ ಕೈ ಮುರೀತು. ಕೈ ಮುರಿದ ಮೇಲೆ ಈ ಚಿತ್ರ. ಚಿತ್ರದಲ್ಲಿ ಶಾಲು. ಈಗ ನೀವೇ ಹೇಳಿ."

"ಬಿಟ್ಟು ಹೋಗಿರಬೇಕು."

"ಹೊದ್ದಿದ್ದನ್ನ ನೋಡಿದವರಿದಾರಲ್ಲ. ಇವರ ತಾಯಿ."

"ಹಾಗಾದ್ರೆ ಅತ್ತಿಗೆ ತಪ್ಪು ನೋಡಿರಬೇಕು," ಎಂದರು ಚಿಕ್ಕಪ್ಪ. "ಕಣ್ಣೀರಲ್ಲಿ ಯಾವ ಬಣ್ಣ ಹೇಗೆ ಕಂಡಿತೋ."

ಚುಕ್ಕಿಗೆ ರಕ್ತ ತಲೆಗೇರಿತು. "ಅಮ್ಮನ ತಲೆಗೆ ಕಟ್ಟಬೇಡಿ ಚಿಕ್ಕಪ್ಪ!"

"ನಾನು ಕಟ್ತಿಲ್ಲಮ್ಮ. ಮಾನಿಟರ್ ನನ್ನ ಕಡೆ ತಿರುಗಿಸಿದವಳು ನೀನು. ಅದು ಯಾರ ಕಡೆ ತಿರುಗತ್ತೆ ಅಂತ ಮೊದಲೇ ಯೋಚಿಸಬೇಕಿತ್ತು."

ಅವಳು ಯೋಚಿಸಿದ್ದಳು. ಬೆಳಗಿನಿಂದ ಬೇರೇನನ್ನೂ ಯೋಚಿಸಿರಲಿಲ್ಲ.

ಇನ್‌ಸ್ಪೆಕ್ಟರು ಮತ್ತೆ ಓಡಾಟ ಶುರುಮಾಡಿದ್ದರು. ಬಾಗಿಲ ಹತ್ತಿರ ಹೋಗಿ ತಿರುಗಿ, ಇದ್ದಕ್ಕಿದ್ದಂತೆ ಕೇಳಿದರು: "ಉಯ್ಯಾಲೇಲಿ ಮಗು. ತೂಗ್ತಿರೋದು ನೀವು. ಕ್ಯಾಮೆರಾ ಹಿಡಿದಿರೋದು ಯಾರು?"

"ಯಾರೋ ಕೆಲಸದವರು. ಅಷ್ಟು ಹಿಂದಿನದು ಯಾರಿಗೆ ನೆನಪಿರತ್ತೆ?"

"ಶಾಲಿಗೆ ಎಷ್ಟು ಮುಳುಗು ಹಾಕಿದ್ರಿ ಅನ್ನೋದು ನೆನಪಿದೆ."

ಚಿಕ್ಕಪ್ಪ ಕುರ್ಚಿಯ ಬೆನ್ನನ್ನು ಹಿಡಿದು ನಿಂತರು.

ಅಲ್ಲಿಯವರೆಗೂ ಮೂಲೆಯಲ್ಲಿ ಮುದುಡಿ ಕೂತಿದ್ದ ಮರಿ ಎದ್ದಳು. ದೊಡ್ಡ ಬೂದು ಕೋಟಿನಲ್ಲಿ ಅವಳು ನಿಜಕ್ಕೂ ಮರಿಯಂತೆಯೇ ಕಾಣುತ್ತಿದ್ದಳು.

"ಅಕ್ಕಾ, ಇದಕ್ಕೆ ಧ್ವನಿ ಇಲ್ವಾ?"

ಚುಕ್ಕಿ ಅವಳನ್ನೇ ನೋಡಿದಳು. ಧ್ವನಿ! ಬಣ್ಣ ತಿದ್ದುವಾಗ ಅವಳು ಧ್ವನಿ ಹಾಕುವವಳೇ ಅಲ್ಲ. ಮಾತು ಕೇಳಿದರೆ ಕಣ್ಣು ಸೋಮಾರಿಯಾಗುತ್ತದೆ ಎನ್ನುವುದು ಅವಳ ನಂಬಿಕೆ. ಸ್ಪೀಕರಿನ ತಂತಿಯನ್ನು ಸಿಕ್ಕಿಸಿಯೂ ಇರಲಿಲ್ಲ. ಈ ಟೇಪಿನ ಒಂದೊಂದು ಚೌಕಟ್ಟನ್ನೂ ಉಗುರಲ್ಲಿ ಕೆರೆದಂತೆ ನೋಡಿದ್ದಳು. ಒಂದು ಮಾತನ್ನೂ ಕೇಳಿರಲಿಲ್ಲ.

"ಇದೆ. ಇರಲೇಬೇಕು," ಎಂದು ತಂತಿ ಹುಡುಕಿದಳು.

"ಬೇಡ ಚುಕ್ಕಿ."

ಚಿಕ್ಕಪ್ಪನ ದನಿ ಬದಲಾಗಿತ್ತು. ಈವರೆಗೆ ಅದರಲ್ಲಿದ್ದ ಹದವೆಲ್ಲ ಹೋಗಿತ್ತು.

"ಯಾಕಪ್ಪ?" ಎಂದಳು ಮರಿ.

"ಬೇಡ ಅಂದ್ರೆ ಬೇಡ. ನಿನ್ನ ಒಳ್ಳೇದಕ್ಕೇ ಹೇಳ್ತಿದೀನಿ. ಸಾರ್, ಏನು ಬೇಕೋ ಬರ್ಕೊಳ್ಳಿ, ಸಹಿ ಹಾಕ್ತೀನಿ. ಶಾಲು ಅವಳದೇ. ನಾನೇ... ಬರ್ಕೊಳ್ಳಿ. ಅದನ್ನ ಮಾತ್ರ ಹಾಕಿಸಬೇಡಿ. ಮಗು ಕೇಳಬಾರದು."

"ನಾನು ಮಗು ಅಲ್ಲ."

"ಹಾಕಿ ಮೇಡಂ," ಎಂದರು ಇನ್‌ಸ್ಪೆಕ್ಟರು.

ಚುಕ್ಕಿ ತಂತಿ ಸಿಕ್ಕಿಸಹೋದಳು. ತಂತಿಯ ತುದಿ ತೂತಿಗೆ ಸರಿಯಾಗಿ ಕೂರಲಿಲ್ಲ. ಮರಿ ಬಂದು ಅವಳ ಕೈ ಮೇಲೆ ಕೈಯಿಟ್ಟು ಒತ್ತಿದಳು. ಟಕ್ಕೆಂದು ಕೂತಿತು.

ಟೇಪನ್ನು ಹಿಂದಕ್ಕೆ ಓಡಿಸಿ ಬಿಟ್ಟಳು.

ಮೊದಲು ಬರೀ ಗಾಳಿ. ಆಮೇಲೆ ಉಯ್ಯಾಲೆಯ ಕಿರ್‌ಕಿರ್ ಸದ್ದು. ದೂರದಲ್ಲೆಲ್ಲೋ ನೀರು ಸುರಿಯುವ ಸದ್ದು. ಪರದೆಯಲ್ಲಿ ಯೌವನದ ಚಿಕ್ಕಪ್ಪ, ನಗುವಿಲ್ಲದ ಮುಖದಿಂದ, ಉಯ್ಯಾಲೆಯನ್ನು ಮೆಲ್ಲಗೆ ತಳ್ಳುತ್ತಿದ್ದರು. ಹಿಂದೆ ನೀಲಿ ಶಾಲು ಗಾಳಿಗೆ ಉಬ್ಬಿ ಇಳಿಯುತ್ತಿತ್ತು.

ಆಮೇಲೆ ಕ್ಯಾಮೆರಾದ ಹಿಂದಿನಿಂದ, ತೀರ ಹತ್ತಿರದಿಂದ, ಹೆಂಗಸಿನ ದನಿ ಕೇಳಿತು.

"ಮರೀ, ಇಲ್ಲಿ ನೋಡು. ಒಂದ್ಸಲ ನಗು. ಆಮೇಲೆ ಅಮ್ಮಂಗೆ ತೋರಿಸೋಣ."

ಆ ದನಿಯನ್ನು ಯಾರೂ ಚುಕ್ಕಿಗೆ ಗುರುತು ಹಿಡಿದು ಹೇಳಬೇಕಿರಲಿಲ್ಲ. ಹುಟ್ಟಿದಂದಿನಿಂದ ಅವಳನ್ನು ಎಬ್ಬಿಸಿದ, ಗದರಿದ, ಊಟಕ್ಕೆ ಕರೆದ ದನಿ. ಇವತ್ತು ಬೆಳಿಗ್ಗೆಯೂ ಬಾಗಿಲವರೆಗೆ ಬಂದು "ಬೇಗ ಬಾ" ಎಂದ ದನಿ. ತಂಗಿಯನ್ನು ಬಸ್ಸು ಹತ್ತಿಸಿದ ಮೇಲೆ ಆ ಮನೆಯ ಹೊಸಿಲು ತುಳಿಯಲಿಲ್ಲ ಎಂದು ಪೊಲೀಸರ ಮುಂದೆ ಆಣೆಯಿಟ್ಟ ದನಿ.

ಪರದೆಯಲ್ಲಿ ಪುಟ್ಟ ಹುಡುಗಿ ನಗಲಿಲ್ಲ. ಪ್ಲಾಸ್ಟರಿನ ಕೈಯನ್ನು ಎದೆಗೊತ್ತಿಕೊಂಡು, ನೇರವಾಗಿ ಕ್ಯಾಮೆರಾದ ಕಣ್ಣಿಗೆ ಕಣ್ಣಿಟ್ಟು ಕೇಳಿತು:

"ಅಮ್ಮ ಯಾವಾಗ ಏಳ್ತಾಳೆ ದೊಡ್ಡಮ್ಮಾ?"

ಚುಕ್ಕಿಯ ಬೆರಳು ಅವಳನ್ನು ಕೇಳದೆಯೇ ಗುಂಡಿ ಒತ್ತಿತು. ಚಿತ್ರ ನಿಂತಿತು.

ಮರಿ ಅಳಲಿಲ್ಲ. ಪರದೆಯ ಮೇಲಿನ ತನ್ನ ಮುಖವನ್ನು ನೋಡುತ್ತ, "ಏಳ್ತಾಳೆ," ಎಂದು ಆ ಶಬ್ದವನ್ನೇ ಮತ್ತೊಮ್ಮೆ ನುಡಿದು ನೋಡಿದಳು. "ಅಂದ್ರೆ, ಅಮ್ಮ ಗೇಟು ದಾಟೇ ಇರಲಿಲ್ಲ. ನನ್ನ ಕೈಗೆ ಪ್ಲಾಸ್ಟರ್ ಬಿದ್ದ ಮೇಲೂ ಅವಳು ಒಳಗೇ ಮಲಗಿದ್ಲು." ಅಪ್ಪನತ್ತ ತಿರುಗಿದಳು. "ಇಷ್ಟು ವರ್ಷ ಅವಳನ್ನ ಬೈಕೊಂಡೇ ಬದುಕಿದೆನಲ್ಲಪ್ಪ. ನೀನು ಕೇಳಿಸ್ಕೊಂಡು ಸುಮ್ನಿದ್ದೆ."

ಚಿಕ್ಕಪ್ಪ ಕುಸಿದು ಕುರ್ಚಿಯಲ್ಲಿ ಕೂತಿದ್ದರು.

"ಸಾರ್," ಎಂದಳು ಚುಕ್ಕಿ. "ಅಮ್ಮನ ಹತ್ರ ನಾನು ಮೊದಲು ಮಾತಾಡ್ತೀನಿ. ಒಂದು ಗಂಟೆ ಬಿಡಿ. ಆಮೇಲೆ ನೀವು..."

ಇನ್‌ಸ್ಪೆಕ್ಟರು ಮೊಟ್ಟಮೊದಲ ಬಾರಿಗೆ ಅವಳ ಕಣ್ಣು ತಪ್ಪಿಸಿದರು.

"ಕ್ಷಮಿಸಿ ಮೇಡಂ. ನಿಮಗೆ ಹೇಳದೆ ನಾನೇ ಬರಹೇಳಿದೆ. ಆಗ್ಲೇ ಬಂದಿದಾರೆ."

ಬಾಗಿಲು ತೆರೆದಿತ್ತು. ಯಾವಾಗ ತೆರೆಯಿತೋ ಯಾರಿಗೂ ತಿಳಿಯದು. ಹೊರಗಿನ ಬೆಳಕು ಕೋಣೆಗೆ ನುಗ್ಗಿ ಮಾನಿಟರಿನ ಗಾಜನ್ನು ಮಂಕುಮಾಡಿತ್ತು. ಹೊಸಿಲಿನಲ್ಲಿ ಅಮ್ಮ ನಿಂತಿದ್ದಳು. ಮೆಟ್ಟಿಲು ಹತ್ತಿದ್ದಕ್ಕೆ ಏದುಸಿರು. ಮುಖದಲ್ಲಿ ಮಾತ್ರ ಸಿಕ್ಕಿಬಿದ್ದವರ ಗಾಬರಿ ಹುಡುಕಿದರೂ ಇರಲಿಲ್ಲ.

"ಯಾಕೆ ನಿಲ್ಲಿಸ್ದೆ?" ಎಂದಳು ಮಗಳಿಗೆ. "ಮಗು ಕೇಳಿದ್ದಕ್ಕೆ ನಾನು ಉತ್ತರ ಕೊಟ್ಟಿದೀನಿ ಅದರಲ್ಲಿ. ಹಾಕು. ಎಲ್ರೂ ಕೇಳ್ಲಿ."

ಚಿಕ್ಕಪ್ಪ ಕುರ್ಚಿ ಉರುಳಿಬೀಳುವಂತೆ ಎದ್ದರು. ಠಾಣೆಯಲ್ಲಿ ಒಮ್ಮೆಯೂ ಹೆದರದಿದ್ದ ಆ ಮನುಷ್ಯನ ಮುಖ ಬಿಳಿಚಿಕೊಂಡಿತ್ತು.

"ಅತ್ತಿಗೆ, ಬೇಡ. ಮಾತು ಕೊಟ್ಟಿದ್ರಿ."

"ಕೊಟ್ಟಿದ್ದೆ," ಎಂದಳು ಅಮ್ಮ, ಅವರತ್ತ ತಿರುಗದೆ, ಮರಿಯನ್ನೇ ನೋಡುತ್ತ. "ಆದ್ರೆ ನಿಮಗಲ್ಲ. ಇವಳಿಗೆ, ದೊಡ್ಡವಳಾದ ಮೇಲೆ ನಿಜ ಹೇಳ್ತೀನಿ ಅಂತ."